ಮರಿತಾಯಮ್ಮ ಬಿಚ್ಚಿದ ಡಿಎನ್‌ಎ

ಯಲಿಯೂರಿನ ವಿಜ್ಞಾನದ ಮೇಷ್ಟ್ರು ಶಶಿಧರ್ ಡಿಎನ್‌ಎ ಮಾದರಿಯನ್ನು ಬಟ್ಟೆ ಕ್ಲಿಪ್ಪುಗಳಲ್ಲಿ ಮಾಡಿದ್ದೇ ತಪ್ಪಾಯಿತು.

ಎರಡು ಹಗ್ಗ, ಒಂದೊಂದಕ್ಕೂ ನಲವತ್ತು ಕ್ಲಿಪ್ಪು. ಕೆಂಪಿನ ಎದುರು ಹಳದಿ, ನೀಲಿಯ ಎದುರು ಹಸಿರು, ಬೇರೆ ಜೋಡಿಯಿಲ್ಲ. ಎದುರುಬದುರು ಕ್ಲಿಪ್ಪುಗಳನ್ನು ರಬ್ಬರ್ ಬ್ಯಾಂಡಿನಲ್ಲಿ ಸೇರಿಸಿ ತಿರುಚಿದರೆ ಸುತ್ತುವ ಏಣಿ. "ಮಂಡ್ಯದ ವಿಜ್ಞಾನ ಪ್ರದರ್ಶನದಲ್ಲಿ ಈ ಸಲವೂ ಬಹುಮಾನ ಬರ್ಲಿಲ್ಲ ಅಂದ್ರೆ ಬಿಸಿಯೂಟದ ಉಸ್ತುವಾರಿ ನಿಮ್ದೇ ಕಣ್ರೀ" ಎಂದು ಹೆಡ್‌ಮಾಸ್ಟರ್ ಎಚ್ಚರಿಸಿದ್ದರು.

ಪ್ರದರ್ಶನದ ದಿನ ಬೆಳಿಗ್ಗೆ ಮನೆಯ ಜಗಲಿಯಲ್ಲಿ ಒಂದೇ ಹಗ್ಗವಿತ್ತು, ಅರ್ಧ ಮೀಸೆ ಬೋಳಿಸಿದ ಮುಖದಂತೆ.

"ನಾನೇ ಬಿಚ್ಕೊಂಡೆ ಮೇಷ್ಟ್ರೇ" ಎಂದರು ಪಕ್ಕದ ಮನೆ ಮರಿತಾಯಮ್ಮ. "ಒಂಟಿ ಆಳ್ಗೆ ಎರಡೆರಡು ಬಟ್ಟೆ ಅಗ್ಗ ಯಾಕೆ? ನೆನ್ನೆ ನಮ್ಮಣ್ಣನ ಮಗಳು ವೀಣ ಬಂದಿದ್ಲು. ಚೆಂದಾಗದೆ ಅಂದ್ಲು, ಕೊಟ್ಬುಟ್ಟೆ. ಸಂಜೇನೇ ಮದ್ದೂರ್ಗೆ ಒಂಟೋದ್ಲು."

ಶಶಿಧರ್‌ಗೆ ತಮ್ಮದೇ ಪಾಠ ನೆನಪಾಯಿತು. ಜೀವಕೋಶವೂ ನಕಲು ಮಾಡುವಾಗ ಎರಡು ಎಳೆಗಳನ್ನು ಬಿಡಿಸುತ್ತದೆ. ಒಂದೆಳೆ ಇದ್ದರೆ ಸಾಕು, ಎದುರಿಗೆ ಏನು ಬರಬೇಕೆಂದು ಅದೇ ಹೇಳುತ್ತದೆ. ಮಿಕ್ಕಿದ್ದ ಕ್ಲಿಪ್ಪು ತಂದು ಕೂತರು. ಮರಿತಾಯಮ್ಮನೂ ಕೂತರು.

"ಒಂದೆಣ್ಣು ನೋಡಿವ್ನಿ ಮೇಷ್ಟ್ರೇ. ಫೋಟೋ ತೋರುಸ್ಲಾ?"

ಶಶಿಧರ್ ಕತ್ತೆತ್ತಿದರು. ಸಿಗ್ನಲ್ ಸಾಲದೆ ಫೋಟೋ ತೆರೆಯಲಿಲ್ಲ. ಕೈ ಮಾತ್ರ ಕೆಲಸ ನಿಲ್ಲಿಸಿರಲಿಲ್ಲ.

ಮಂಡ್ಯದಲ್ಲಿ ಪಕ್ಕದ ಮೇಜಿನ ಮೇಲೆ ಅದೇ ಏಣಿ! ಹಿಂದೆ ಮದ್ದೂರಿನ ಶಾಲೆಯೊಂದರ ವಿಜ್ಞಾನದ ಟೀಚರ್, ವೀಣ.

"ಇದು ನಂದು ಕಣ್ರೀ!"

"ಅರ್ಧ ನಿಮ್ದಿರಬಹುದು ಸಾರ್. ಅತ್ತೆ ಕೊಟ್ಟ ಹಗ್ಗ ನೋಡಿದ್ದೇ ಐಡಿಯಾ ಹೊಳೀತು. ಇನ್ನರ್ಧವನ್ನ ರಾತ್ರಿಯೆಲ್ಲ ಕೂತು ನಾನೇ ಜೋಡಿಸಿದ್ದು."

ತೀರ್ಪುಗಾರ ದೊಡ್ಡಸಿದ್ದಯ್ಯ ಕನ್ನಡಕ ಏರಿಸಿದರು. "ಯಾವುದ್ರೀ ಅಸಲು?"

ತಾವು ಕಲಿಸುವ ವಿಷಯದಲ್ಲಿ ಸುಳ್ಳು ಹೇಳಲು ಶಶಿಧರ್‌ಗೆ ಬಾರದು. "ಎರಡರಲ್ಲೂ ಅರ್ಧ ಹಳೇದು, ಅರ್ಧ ಹೊಸದು ಸಾರ್. ಜೀವಕೋಶದಲ್ಲೂ ಹೀಗೇ."

ತೀರ್ಪುಗಾರರು ತಲೆದೂಗಿ, ಎರಡನ್ನೂ ಬೆರಳಿಟ್ಟು ಎಣಿಸಿದರು. ಶಶಿಧರ್ ಏಣಿಯ ಮೂವತ್ತೊಂದನೇ ಮೆಟ್ಟಿಲಲ್ಲಿ ಬೆರಳು ನಿಂತಿತು. ಕೆಂಪಿನ ಎದುರು ಹಸಿರು.

"ಕೋಶದಲ್ಲಿ ಇಂಥ ತಪ್ಪು ಆದ್ರೆ ತಿದ್ದೋ ವ್ಯವಸ್ಥೆ ಇದೆ. ನಿಮ್ಮಲ್ಲಿಲ್ವೇನ್ರೀ?"

"ಕೋಶಕ್ಕೆ ಯಾರೂ ಹೆಣ್ಣಿನ ಫೋಟೋ ತೋರ್ಸಲ್ಲ ಸಾರ್."

ಬಹುಮಾನ ವೀಣಳ ಪಾಲಾಯಿತು. ಇಳಿಹೊತ್ತಿಗೆ ಹೆಡ್‌ಮಾಸ್ಟರ್ ಅಡುಗೆಕೋಣೆಯ ಬೀಗದ ಕೈ ಕೊಟ್ಟರು.

ಮನೆಗೆ ಬಂದರೆ ಮರಿತಾಯಮ್ಮ ಕಾಯುತ್ತಿದ್ದರು. ಫೋಟೋ ಈಗ ತೆರೆದಿತ್ತು. ಅದರಲ್ಲಿದ್ದವಳು ವೀಣ! ಶಶಿಧರ್ ಮುಖ ಅರಳಿತು. ಅರ್ಧ ಬಹುಮಾನವಾದರೂ ಮನೆಗೆ ಬಂದಂತಾಯಿತಲ್ಲ.

"ಈಗ ಯಾಕ್ ನೋಡೀರಿ, ಬುಡಿ" ಎಂದರು ಮರಿತಾಯಮ್ಮ. "ಮಂಡ್ಯದಲ್ಲಿ ನೋಡುದ್ಲಂತೆ, ಫೋನ್ ಮಾಡಿದ್ಲು. ಅಳದಿ ಯಾವ್ದು, ಅಸ್ರು ಯಾವ್ದು ಅಂತ ಗುರ್ತಿಲ್ದೋರು ಬ್ಯಾಡ ಅಂದ್ಲು."