ಅವ್ವನ ಜೊತೆ ಜಗಳವಾಡುವ ಹಕ್ಕು

ನಮ್ಮ ಚಿಗವ್ವನಿಗೆ ಚಹಾದಲ್ಲಿ ಸಕ್ಕರೆ ಇಲ್ಲದಿದ್ದರೂ ನಡೆಯುತ್ತದೆ, ಜೊತೆಗೊಂದು ಜಗಳ ಇಲ್ಲದಿದ್ದರೆ ಆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ! ಎಪ್ಪತ್ತು ದಾಟಿದವಳು, ನಮ್ಮ ಅವ್ವನಿಗೆ ಒಬ್ಬಳೇ ತಂಗಿ. ಕಣ್ಣು ತೋರಿಸಲು ಎರಡು ದಿನಕ್ಕೆಂದು ಖಾನಾಪುರದಿಂದ ಬೆಳಗಾವಿಗೆ, ಮಹಾಂತೇಶ ನಗರದ ನಮ್ಮ ಮನೆಗೆ ಬಂದಳು. ಅಷ್ಟರಲ್ಲಿ ಕೊರೊನಾದ ಎರಡನೆಯ ಅಲೆ ಎದ್ದು ಬಸ್ಸುಗಳು ನಿಂತವು. ಕಣ್ಣಿನ ದವಾಖಾನೆಯೂ ಬಾಗಿಲು ಹಾಕಿತು. ಚಿಗವ್ವನ ಬಾಯಿಗೆ ಮಾತ್ರ ಯಾವ ಲಾಕ್‌ಡೌನೂ ಅನ್ವಯಿಸಲಿಲ್ಲ.

ಅದಕ್ಕೂ ಮೊದಲು ಒಂದು ವರ್ಷ ನಾನು ಅವ್ವನನ್ನು ಗಾಜಿನ ಬಟ್ಟಲಿನಂತೆ ಕಾಪಾಡಿದ್ದೆ. ಮಠದ ಪ್ರವಚನ ಬಂದ್, ಕಾಯಿಪಲ್ಯೆ ಸಂತೆ ಬಂದ್, ಬಾಜು ಮನೆಯ ಕಟ್ಟೆಯ ಹರಟೆ ಬಂದ್. ಕಷಾಯ ಕುಡಿಸಿದೆ, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದೆ, ಪ್ರಾಣಾಯಾಮ ಹೇಳಿಕೊಟ್ಟೆ. ಎಲ್ಲಕ್ಕೂ ಅವ್ವನದು ಒಂದೇ ಉತ್ತರ: "ಹೂಂ." ಅರ್ಧ ರೊಟ್ಟಿ ತಿಂದು ತಾಟು ಸರಿಸುತ್ತಿದ್ದಳು. ಕೈಯೆತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ರೋಗದಿಂದ ಉಳಿಸಿಕೊಂಡ ಅವ್ವ ಹೀಗೇ ಕೂತಲ್ಲೇ ಸವೆದುಹೋದರೆ? ಈ ಹೆದರಿಕೆಯನ್ನು ನಾನು ಯಾರಿಗೂ ಹೇಳಿರಲಿಲ್ಲ.

ಬಂದ ಮರುದಿನವೇ ಚಿಗವ್ವ ನನ್ನ ರೊಟ್ಟಿಯನ್ನು ಎತ್ತಿ ಹಿಡಿದಳು.

"ಅಕ್ಕಾ, ನಿನ್ನ ಮಗಳು ರೊಟ್ಟಿ ಮಾಡ್ಯಾಳೋ, ಕೊಡಕ್ಕ ಮುಚ್ಚಳ ಮಾಡ್ಯಾಳೋ? ಆಕೀದೇನ ತಪ್ಪಿಲ್ಲ ಬಿಡು. ನಿನಗರೆ ಎಲ್ಲಿ ಬರತಿತ್ತು?"

"ಯಾರಿಗೆ ಬರತಿದ್ದಿಲ್ಲ?" ಅವ್ವ ನೆಟ್ಟಗೆ ಕೂತಳು. "ಹಿಟ್ಟು ತಗಿ!"

ತನ್ನ ರೊಟ್ಟಿ ಮೆತ್ತಗಿದೆ ಎಂದು ಸಾಧಿಸಲು ತಾನೇ ಎರಡು ತಿಂದಳು. ವರ್ಷವಿಡೀ ನಾನು ಕೈಮುಗಿದು ಬೇಡಿದ್ದನ್ನು ಚಿಗವ್ವ ಹೀಯಾಳಿಸಿ ಗಿಟ್ಟಿಸಿಬಿಟ್ಟಳು! ನಾನು ಸಂತೋಷಪಡಬೇಕಿತ್ತಲ್ಲವೇ? ಅಂದಿನ ದಿನಚರಿಯಲ್ಲಿ ಬರೆದದ್ದು ಇಷ್ಟೇ: "ಚಿಗವ್ವ ಬಹಳ ಜೋರಾಗಿ ಮಾತಾಡುತ್ತಾಳೆ." ರೊಟ್ಟಿಯ ಸುದ್ದಿಯೇ ಇಲ್ಲ. ನನ್ನ ದಿನಚರಿಯನ್ನು ನಂಬಬೇಡಿ.

ಆಮೇಲೆ ಲೋಂಡಾ ಪ್ರಕರಣ. ಇವರು ಸಣ್ಣವರಿದ್ದಾಗ ಮನೆಮಂದಿಯೆಲ್ಲ ಗೋವಾಕ್ಕೆ ಹೊರಟು ಲೋಂಡಾದಲ್ಲಿ ಗಾಡಿ ಬದಲಿಸುವಾಗ ಬುತ್ತಿಗಂಟು ಅಲ್ಲೇ ಉಳಿಯಿತಂತೆ. ಮರೆತವರು ಯಾರು?

"ಇಲ್ಲಿ ಗಾಡಿ ನಿಂತಿತ್ತು, ಅಲ್ಲಿ ನಳ ಇತ್ತು. ಗಂಟು ಒಗದು ನಳದ ಕಡೆ ಓಡಿದಾಕಿ ನೀನ!" ಎಂದು ಅವ್ವ ದಿವಾನದಿಂದ ಫ್ರಿಜ್‌ವರೆಗೆ ನಡೆದು ತೋರಿಸಿದಳು.

"ನಳ ಈ ಕಡೆ ಇತ್ತು. ಓಡಿದಾಕಿ ನೀನ!" ಚಿಗವ್ವ ತಿರುಗಿ ನಡೆಸಿದಳು.

ಮೊಣಕಾಲು ನೋವೆಂದು ನನ್ನ ಜೊತೆ ಮಾಳಿಗೆಯ ಮೇಲೆ ನಾಲ್ಕು ಹೆಜ್ಜೆ ಹಾಕದ ಅವ್ವ, ಲೋಂಡಾದ ಪ್ಲಾಟ್‌ಫಾರ್ಮನ್ನು ಎಷ್ಟು ಸಲ ಅಳೆದಳೋ! ಕೊನೆಗೆ ಚಿಗವ್ವ ನನ್ನತ್ತ ತಿರುಗಿದಳು.

"ಎಂ.ಎ. ಮಾಡೀದಿ, ನ್ಯಾಯಾ ಹೇಳು."

"ನಾ ಆಗ ಹುಟ್ಟಿದ್ದಿಲ್ಲ ಚಿಗವ್ವಾ!"

"ಹಂಗಾದ್ರ ಸುಮ್ನ ಕುಂದರು!" ಇಬ್ಬರೂ ಒಟ್ಟಿಗೇ ಅಂದರು. ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ಸಲ.

ಇಬ್ಬರ ನೆನಪೂ ಸುಳ್ಳಿರಬಹುದು. ಆದರೆ ಆ ಸುಳ್ಳಿನೊಳಗೆ ಇಬ್ಬರಿಗೂ ಜಾಗವಿತ್ತು, ನನಗಿರಲಿಲ್ಲ. ಹೊಟ್ಟೆಯಲ್ಲಿ ಎದ್ದ ಉರಿಗೆ, ಅವ್ವನ ಜೊತೆ ನಾನೂ ಕುಡಿಯುತ್ತಿದ್ದ ಕಷಾಯವೇ ಕಾರಣ ಎಂದುಕೊಂಡೆ.

ಒಂದು ದಿನ ಚಿಗವ್ವನನ್ನು ಅಡುಗೆಮನೆಗೆ ಕರೆದು, "ಅವ್ವಗ ಬಿ.ಪಿ. ಐತಿ, ಜಗಳಾ ಬ್ಯಾಡ" ಎಂದೆ.

"ಯವ್ವಾ, ನೀ ಆಕಿ ಜೋಡಿ ಮಾತಾಡೂದು ಕೇಳಿದ್ರ ಬ್ಯಾಂಕಿನ್ಯಾಗ ಕುಂತಂಗ ಅನಸ್ತೈತಿ" ಎಂದಳು. ಒಳಗಿನಿಂದ ಅವ್ವ, "ನಮ್ಮಿಬ್ಬರ ನಡುವ ನೀ ಬರಬ್ಯಾಡ" ಎಂದಳು. ನನಗೆ ಹೇಳಿದ ಮಾತು! ಹೆತ್ತ ಮಗಳಿಗೆ!

ಬಸ್ಸು ಶುರುವಾದ ಬೆಳಿಗ್ಗೆಯೇ ಚಿಗವ್ವ ಚೀಲ ಹಿಡಿದು ಹೊರಟಳು. ಕಣ್ಣು ತೋರಿಸುವುದು ಹಾಗೇ ಉಳಿಯಿತು. ನಾನು ಬಲು ಉತ್ಸಾಹದಿಂದ ಬೀಳ್ಕೊಟ್ಟೆ. ಮಧ್ಯಾಹ್ನ ಅವ್ವ ಅರ್ಧ ರೊಟ್ಟಿಗೆ ತಾಟು ಸರಿಸಿದಳು. "ಸಾಕಾ?" ಎಂದೆ. "ಹೂಂ."

ಆಗ ಜಗಳ ನಾನೇ ತೆಗೆದೆ. "ಅವ್ವಾ, ನಿನ್ನ ಪುಂಡಿಪಲ್ಯೆ ಬಾಯಾಗ ಇಡಾಕ ಆಗೂದಿಲ್ಲ!" ಅವ್ವ ಕನಿಕರದಿಂದ ನೋಡಿ, "ಉಪ್ಪು ಕಡಿಮಿ ಆಗಿದ್ರ ಹಾಕ್ಕೋ ಮಗಳ" ಎಂದಳು. ಎಂಥ ಅವಮಾನ!

ವಾರ ಕಳೆಯುವಷ್ಟರಲ್ಲಿ ಖಾನಾಪುರದಿಂದ ಚಿಗವ್ವನ ಮಗನ ಫೋನು. "ಅಕ್ಕಾ, ನಮ್ಮವ್ವಗ ಆರಾಮ ಇಲ್ಲಂತ ಕಾಣಸ್ತೈತಿ. ಬಂದಾಗಿಂದ ಯಾರ ಜೋಡೀನೂ ಜಗಳಾ ತಗದಿಲ್ಲ. ನಿನ್ನೆ ಸಪ್ಪನ್ನ ಸಾರು ಸುಮ್ನ ಉಂಡ್ಳು!"

ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಅವ್ವ ಎದ್ದು ನಿಂತಳು. "ಕಾರ್ ತಗಿ."

ಖಾನಾಪುರದ ಬಾಗಿಲಲ್ಲಿ ಚಿಗವ್ವ ನಮಗೆ ಬರ್ರಿ ಎನ್ನಲೇ ಇಲ್ಲ. ಅವ್ವನ ಮಾಸ್ಕ್ ಕೆಳಗೆಳೆದು ಮುಖ ನೋಡಿದವಳೇ ನನ್ನ ಮೇಲೆ ಹರಿಹಾಯ್ದಳು. "ಹೆಂಗ ಸೊರಗಿಸೀದಿ ಅಕ್ಕನ್ನ! ನಿನ್ನ ಕೈಯಾಗ ಬಿಟ್ಟು ಬಂದ್ರ ಹಿಂಗ ಮಾಡೂದಾ?"

"ಹಂಗಾದ್ರ ನೀ ಯಾಕ ಬಿಟ್ಟು ಹೋದಿ?" ಓಣಿಯೆಲ್ಲ ಕೇಳುವಂತೆ ಕೂಗಿದೆ. "ನಿನ್ನ ಯಾರರೆ ಹೋಗಂದಿದ್ರೇನು?"

ಚಿಗವ್ವ ಮೆಟ್ಟಿಲಿಳಿದು ಬಂದು ನನ್ನ ಗದ್ದ ಹಿಡಿದಳು. "ಯಾರೂ ಅನ್ನಲಿಲ್ಲ ಮಗಳ. ದಿನಾ ನಿನ್ನ ಮಾರಿ ಸಣ್ಣಾಗೂದು ನೋಡತಿದ್ದೆ. ನಿನ್ನವ್ವನ್ನ ನಿನಗ ಬಿಟ್ಟುಕೊಟ್ಟು ಬಂದೆ."

ಅಷ್ಟರಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದ ಅವ್ವ ಅಲ್ಲಿಂದಲೇ ಗುಡುಗಿದಳು.

"ಬಿಟ್ಟುಕೊಡಾಕ ನಾ ಏನ್ ನಿಮ್ಮ ಸಾಮಾನ ಅದೀನೇನು? ಇಬ್ಬರೂ ಒಳಗ ಬರ್ರಿ!"