ಹಿಪ್ ಹಾಪ್ ಕಾರಿಗೆ ನಾಲ್ಕು ಗಂಗಾಳ

ನನ್ನನ್ನು ನೋಡಿ ಈ ಭೂಮಂಡಲದಲ್ಲಿ ಕಡೇಪಕ್ಷ ಒಬ್ಬನಾದರೂ ಹೊಟ್ಟೆಕಿಚ್ಚು ಪಡಲೇಬೇಕು! 2003ನೇ ಇಸವಿಯ ಒಂದು ಭಾನುವಾರ ಬೆಳಿಗ್ಗೆ, ಕಲಬುರಗಿಯ ಶಹಾಬಜಾರದ ನಮ್ಮ ಮನೆಯಲ್ಲಿ, ಒಂದು ಕಾಲು ಕುಂಟುವ ಕುರ್ಚಿಯ ಮೇಲೆ ಕುಳಿತು ನಾನು ಈ ಭೀಷ್ಮ ಪ್ರತಿಜ್ಞೆ ಮಾಡಿದೆ. ಅಲ್ಲಿಯವರೆಗಿನ ನಲವತ್ತೊಂಬತ್ತು ವರ್ಷ ನಾನೇ ಊರವರನ್ನೆಲ್ಲ ನೋಡಿ ಉರಿದಿದ್ದೆ. ಪಕ್ಕದ ಟೇಬಲ್ಲಿನವನಿಗೆ ಬಡ್ತಿ ಬಂದರೆ ಉರಿದೆ. ಎದುರುಮನೆಯ ಬೋರ್‌ವೆಲ್‌ನಲ್ಲಿ ನೀರು ಬಂದರೆ ಉರಿದೆ. ಇಬ್ಬರಿಗೂ ಒಟ್ಟಿಗೇ ನೆಗಡಿ ಬಂದು ನೆರೆಮನೆಯವನದು ನನ್ನದಕ್ಕಿಂತ ಮೊದಲು ವಾಸಿಯಾದರೆ ಅದಕ್ಕೂ ಉರಿದೆ! ಉರಿದು ಉರಿದು ಸಾಕಾಗಿತ್ತು. ಇನ್ನು ಬೇರೆಯವರ ಸರದಿ.

ಈ ಪ್ರತಿಜ್ಞೆಗೆ ಕಾರಣ ಟಿ.ವಿ. ಕೇಬಲ್‌ನವನು ಹೊಸದಾಗಿ ಬಿಟ್ಟಿದ್ದ ಇಂಗ್ಲಿಷ್ ಹಾಡಿನ ಚಾನೆಲ್‌ನಲ್ಲಿ ಅಮೆರಿಕದ ಒಬ್ಬ ಹಿಪ್ ಹಾಪ್ ಕಲಾವಿದ ತನ್ನ ಕಾರುಗಳನ್ನು ತೋರಿಸುತ್ತಿದ್ದ. ಗುಂಡಿ ಒತ್ತಿದ, ಶೆಡ್ಡಿನ ಬಾಗಿಲು ತಾನಾಗಿಯೇ ಮೇಲೆದ್ದಿತು. ಒಳಗೆ ಹದಿನಾಲ್ಕು ಕಾರು! ನಮ್ಮ ಕಚೇರಿಯಲ್ಲಿ ಕೂಡಲು ಹದಿನಾಲ್ಕು ಕುರ್ಚಿಗಳಿಲ್ಲ. ಒಂದು ಕಾರಿನ ಬಾಗಿಲು ರೆಕ್ಕೆಯ ಹಾಗೆ ಮೇಲಕ್ಕೆ ತೆರೆದುಕೊಂಡಿತು. ಇನ್ನೊಂದು ನಿಂತಲ್ಲೇ ಕಪ್ಪೆಯಂತೆ ಕುಪ್ಪಳಿಸಿತು. ಮೂರನೆಯದು ನಿಂತುಬಿಟ್ಟ ಮೇಲೂ ಅದರ ಗಾಲಿಗಳ ಮೇಲಿನ ಬೆಳ್ಳಿ ತಟ್ಟೆಗಳು ಗರಗರ ತಿರುಗುತ್ತಲೇ ಇದ್ದವು. ನಾನು ಕುಂಟುವ ಕುರ್ಚಿಯನ್ನು ಟಿ.ವಿ.ಯ ಹತ್ತಿರಕ್ಕೆ ಎಳೆದುಕೊಂಡೆ.

“ನೋಡಿಲ್ಲಿ ಪುತಳಾ!” ಎಂದು ಅಡುಗೆಮನೆಯಲ್ಲಿದ್ದ ಹೆಂಡತಿ ಪುತಳಾಬಾಯಿಯನ್ನು ಕರೆದೆ. “ಹದಿನಾಕು ಕಾರು ಅವ ಇವಂಗ! ಇಂವ ಹಾಡೂದೂ ಇಲ್ಲ. ಬರೇ ಮಾತಾಡ್ತಾನ. ಅದೂ ಸಿಟ್ಟಿನಾಗ! ನಾನೂ ಇಪ್ಪತ್ತೆರಡು ವರ್ಷದಿಂದ ಆಫೀಸಿನಾಗ ಸಿಟ್ಟಿನಾಗೇ ಮಾತಾಡ್ಲಿಕತ್ತೀನಿ. ನನಗೇನ್ ಸಿಕ್ತು?”

“ಬಿ.ಪಿ. ಸಿಕ್ತಲ್ರೀ,” ಎಂದಳು ಪುತಳಾ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ. “ಅಂವ ತಾಳಕ್ಕ ತಕ್ಕಂಗ ಬೈತಾನ. ನೀವು ಬರೇ ಬೈತೀರಿ.”

ಅಷ್ಟರಲ್ಲಿ ಫೋನು ರಿಂಗಾಯಿತು. ಕಮಲಾಪುರದಿಂದ ಅಮೋಘಪ್ಪ! ಪುತಳಾಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕ. ಕೆಂಪು ಬಾಳೆಯ ತೋಟದವನು. ಕಮಲಾಪುರದ ಕೆಂಪು ಬಾಳೆಹಣ್ಣು ತಿಂದವರಿಗೆ ಗೊತ್ತು ಅದರ ರುಚಿ. ನನಗೆ ಮಾತ್ರ ಅದು ಪ್ರತಿ ಸಲ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

“ಕಾಶಿರಾಯಾ, ಹೊಸಾ ಗಾಡಿ ತಗೊಂಡೀನಪಾ! ಬರೋ ಐತಾರ ಹೋಳಿಗಿ ಊಟ ಇಟ್ಟೀನಿ, ಇಬ್ರೂ ಬರ್ರಿ. ನಿನ್ನ ಫಿಯಟ್ಟು ಇಷ್ಟು ದೂರ ಬರ್ತದೋ ಇಲ್ಲೋ, ಹೇಳಿದ್ರ ನನ್ನ ಗಾಡೀನೇ ಕಳಸ್ತೀನಿ.”

ಪ್ರೀತಿಯಿಂದಲೇ ಹೇಳಿದ. ಅದಕ್ಕೇ ಇನ್ನೂ ಹೆಚ್ಚು ಉರಿಯಿತು. ಅಮೆರಿಕದವನ ಹದಿನಾಲ್ಕು ಕಾರು ಒಂದು ತೂಕವಾದರೆ ಷಡ್ಡಕನ ಒಂದೇ ಕಾರು ಇನ್ನೊಂದು ತೂಕ! ನನ್ನದು 1976ರ ಮಾಡೆಲ್ಲಿನ ಫಿಯಟ್. ನಿವೃತ್ತ ಓವರ್‌ಸಿಯರ್ ಒಬ್ಬರಿಂದ ಕೊಂಡದ್ದು. ಅದನ್ನು ನೋಡಿ ಯಾರೂ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ. ಕೆಲವರು ಮರುಗಿದ್ದರು. ಇನ್ನು ಏಳು ದಿನ! ಏಳು ದಿನದಲ್ಲಿ ನನ್ನ ಫಿಯಟ್ಟು ಹಿಪ್ ಹಾಪ್ ಕಾರಾಗಬೇಕು, ಅಮೋಘಪ್ಪನ ಬಾಯಿ ಬಿಟ್ಟಂತೆಯೇ ಉಳಿಯಬೇಕು.

ಮರುದಿನ ಕಚೇರಿಗೆ ರಜೆ ಹಾಕಿ ಕಪನೂರಿನ ಮೆಕ್ಯಾನಿಕ್ ಇಮಾಮುದ್ದೀನನ ಗ್ಯಾರೇಜಿಗೆ ಹೋದೆ. ಸರ್ಕಾರಿ ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದೆ. ಅವನು ಚಿತ್ರವನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿದ.

“ಕ್ಯಾ ಸಾಬ್, ಗಾಡಿ ನಿಂತ್ರೂ ಗಾಲಿ ತಿರಗಬೇಕು?”

“ಹೌದು.”

“ಮತ್ತ ಗಾಡಿ ಕುಣೀಬೇಕು?”

“ಹೌದು!”

“ಮಂದಿ ಕುಣಿಯೋ ಗಾಡಿ ನಿಂದ್ರಸು ಅಂತ ನನ್ನ ಕಡಿ ಬರ್ತಾರ. ನಿಂತ ಗಾಡಿ ಕುಣಸು ಅಂದವ್ರು ನೀವೇ ಪೈಲಾ.” ಇಮಾಮುದ್ದೀನ ಗಡ್ಡ ಕೆರೆದುಕೊಂಡ. “ಟಂಟಂ ಆಟೋದು ಹಳೀ ಸ್ಪ್ರಿಂಗ್ ಅವ, ಕೂಡಿಸ್ತೀನಿ. ಕುಣೀತದ ಖರೆ. ನಿಂದ್ರಸೂದು ಮಾತ್ರ ಅಲ್ಲಾನ ಕೈಯಾಗ. ಗಾಲಿಗೆ ಒಂದೇ ಅಳತೀವು, ಮಿಂಚೋವು ನಾಕು ತಾಟು ತರ್ರಿ, ಬೇರಿಂಗ್ ಮ್ಯಾಲ ಹಚ್ಚಿ ಕೊಡ್ತೀನಿ.”

ನಾಲ್ಕು ತಾಟು! ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಸ್ಟೀಲಿನ ಆರು ಗಂಗಾಳಗಳಿದ್ದವು. ಅಂಚು ಎತ್ತರದ, ಅಗಲವಾದ ಊಟದ ತಟ್ಟೆಗಳು. ಪುತಳಾ ಅವುಗಳಲ್ಲಿ ಇಂದಿನವರೆಗೆ ಯಾರಿಗೂ ಬಡಿಸಿರಲಿಲ್ಲ. ಅವಳು ನೆರೆಮನೆಗೆ ಶಾವಿಗೆ ಹೊಸೆಯಲು ಹೋದ ಸಮಯ ನೋಡಿ ನಾಲ್ಕನ್ನು ಚೀಲಕ್ಕೆ ಇಳಿಸಿದೆ. ಅಂಚಿನ ಸುತ್ತ ಚುಕ್ಕಿ ಚುಕ್ಕಿಯಾಗಿ ಏನೋ ಕೊರೆದಿತ್ತು. ಪಾತ್ರೆ ಅಂಗಡಿಯವರು ಪ್ರತಿ ಪಾತ್ರೆಯ ಮೇಲೂ ಏನಾದರೊಂದು ಕೊರೆಯುತ್ತಾರೆ, ಕನ್ನಡಕ ಹಾಕಿಕೊಂಡು ಅದನ್ನೆಲ್ಲ ಓದುತ್ತ ಕೂಡಲು ನನಗೆ ಪುರುಸೊತ್ತೆಲ್ಲಿತ್ತು!

ಡಿಕ್ಕಿಯಲ್ಲಿ ಮೈಕಿನ ಅಂಗಡಿಯ ಎರಡು ದೊಡ್ಡ ಸೌಂಡ್ ಬಾಕ್ಸ್ ಕೂತವು. ರೋಜಾ ಬಡಾವಣೆಯ ಕ್ಯಾಸೆಟ್ ಅಂಗಡಿಯಲ್ಲಿ “ಅಮೆರಿಕದ ಸಿಟ್ಟಿನ ಹಾಡು ಕೊಡ್ರಿ” ಎಂದು ಕೇಳಿ ಒಂದು ಕ್ಯಾಸೆಟ್ಟನ್ನೂ ತಂದೆ. ಶನಿವಾರ ಸಂಜೆ ಕಾರು ಸಿದ್ಧವಾಯಿತು. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಸಾಕು, ಕೆಳಗೆ ಹೋಗಿ ಮೇಲೆ ಬಂದು, ಮತ್ತೆ ಕೆಳಗೆ ಹೋಗಿ ಮೇಲೆ ಬಂದು ನಮಸ್ಕಾರ ಮಾಡುತ್ತಿತ್ತು! ನನ್ನ ಕಣ್ಣಲ್ಲಿ ನೀರಾಡಿತು.

ಭಾನುವಾರ ಬಂತು. ಪುತಳಾ, ಕಮಲಾಪುರದಲ್ಲಿ ಅಕ್ಕನ ಮನೆಯಲ್ಲೇ ಇದ್ದ ತನ್ನ ಅವ್ವನಿಗೆಂದು ದೊಡ್ಡ ಸ್ಟೀಲಿನ ಡಬ್ಬಿ ತುಂಬ ಕೆನೆಮೊಸರು ಹಿಡಿದುಕೊಂಡು ಓಣಿಗೆ ಬಂದಳು. ಗಾಲಿಗಳ ಕಡೆ ನೋಡಿದಳು.

“ಇವು ಎಲ್ಲೋ ನೋಡಿದಂಗ ಅವಲ್ರೀ…”

“ಟಿ.ವಿ.ಯಾಗ ನೋಡಿದ್ದಿ! ಕೂಡು, ಹೊತ್ತಾತು!” ಎಂದು ಅವಳನ್ನು ಹಿಂದಿನ ಸೀಟಿಗೆ ದಬ್ಬಿ ಗಾಡಿ ಬಿಟ್ಟೆ. ತಿರುಗುವ ತಟ್ಟೆಯ ಮೇಲಿನದನ್ನು ಯಾರು ತಾನೆ ಓದಬಲ್ಲರು!

ಕಪನೂರು ದಾಟುವವರೆಗೆ ನಾನು ಚಕ್ರವರ್ತಿ. ಆಮೇಲೆ ಹುಮನಾಬಾದ್ ರಸ್ತೆಯ ತಗ್ಗುಗಳು ಶುರುವಾದವು. ಒಂದು ತಗ್ಗಿಗೆ ಕಾರು ಹತ್ತು ಸಲ ಕುಪ್ಪಳಿಸುತ್ತಿತ್ತು. ಹತ್ತು ಮುಗಿಯುವ ಮೊದಲೇ ಇನ್ನೊಂದು ತಗ್ಗು ಬರುತ್ತಿತ್ತು. ನನ್ನ ತಲೆ ಮೇಲಿನ ತಗಡಿಗೂ ಗದ್ದ ಸ್ಟೇರಿಂಗಿಗೂ ಸರದಿಯ ಮೇಲೆ ಬಡಿಯುತ್ತಿದ್ದವು. ಡಿಕ್ಕಿಯಿಂದ ಅಮೆರಿಕದವನು ದಡಲ್ ದಡಲ್ ಎಂದು ಗುಡುಗುತ್ತಿದ್ದ.

“ರೀ, ಹಿಂದ ಡಿಕ್ಕಿಯಾಗ ಯಾರೋ ಜಗಳ ಆಡ್ಲಿಕತ್ತಾರ, ಇಳದು ಬಿಡಿಸ್ರಿ!” ಎಂದಳು ಪುತಳಾ, ಡಬ್ಬಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಮೇಲೆ ಕೆಳಗೆ ಹಾರುತ್ತ.

ಮಹಾಗಾಂವ ಕ್ರಾಸಿನಲ್ಲಿ ಚಹಾದಂಗಡಿಯ ಮಂದಿಯೆಲ್ಲ ಎದ್ದು ನಿಂತರು. ಒಬ್ಬ ಮುದುಕನಂತೂ ಟೊಪ್ಪಿಗೆ ತೆಗೆದು ಕೈ ಮುಗಿದ!

“ನೋಡಿದೇನು ಮರ್ಯಾದಿ?” ಎಂದೆ.

“ಹಲಗಿ ಬಡದಂಗ ಸಪ್ಪಳ ಬರ್ಲಿಕತ್ತದ. ಹೆಣದ ಗಾಡಿ ಅಂತ ತಿಳದು ಕೈ ಮುಗದಾನ್ರೀ!”

ನನ್ನ ಮನಸ್ಸೆಲ್ಲ ಕಮಲಾಪುರದ ಅಂಗಳದಲ್ಲಿತ್ತು. ಹೇಗೆ ಪ್ರವೇಶ ಮಾಡಬೇಕೆಂದು ವಾರವೆಲ್ಲ ಲೆಕ್ಕ ಹಾಕಿದ್ದೆ. ವೇಗವಾಗಿ ಹೋಗಬೇಕು, ಗಕ್ಕನೆ ಬ್ರೇಕ್ ಹಾಕಬೇಕು, ಕಾರು ನಿಲ್ಲಬೇಕು, ತಟ್ಟೆಗಳು ತಿರುಗುತ್ತಿರಬೇಕು, ಅಮೋಘಪ್ಪ ನೋಡಬೇಕು, ಉರಿಯಬೇಕು. ಬಳಿಕ ಹೋಳಿಗೆ.

ಅಂಗಳದಲ್ಲಿ ನೆಂಟರಿಷ್ಟರು ನೆರೆದಿದ್ದರು. ನಡುವೆ ಅಮೋಘಪ್ಪನ ಹೊಸ ಗಾಡಿ, ಬೆಳ್ಳಗೆ, ಎತ್ತರಕ್ಕೆ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ಅಯ್ಯೋ, ಎಂಥ ಗಾಡಿ! ಏಳು ಜನ ಕಾಲು ಚಾಚಿ ಕೂಡಬಹುದು. ಸುಳ್ಳು ಯಾಕೆ ಹೇಳಲಿ, ಎರಡೂ ಕಣ್ಣು ತುಂಬ ನೋಡಿದೆ. ಎಷ್ಟು ನೋಡಿದೆನೆಂದರೆ ಬ್ರೇಕ್ ಹಾಕುವುದನ್ನೇ ಅರ್ಧ ಕ್ಷಣ ಮರೆತೆ!

ಆಮೇಲೆ ಹಾಕಿದೆ. ಕಾರು ಮೂಗು ನೆಲಕ್ಕೆ ತಾಗಿಸಿ ಹಿಂಭಾಗ ಎತ್ತಿತು. ಹಿಂಭಾಗ ಇಳಿಸಿ ಮೂಗು ಎತ್ತಿತು. ಮೂರನೆಯ ಕುಪ್ಪಳಿಕೆಗೆ ಠಣ್ ಎಂದಿತು. ಮುಂದಿನ ಬಲಗಾಲಿಯ ಗಂಗಾಳ ಬೇರಿಂಗ್ ಕಿತ್ತುಕೊಂಡು ಅಂಗಳಕ್ಕೆ ಹಾರಿ, ಒಂದು ಮೇಕೆಯನ್ನು ಹೆದರಿಸಿ, ಬಾಳೆಗೊನೆಗಳ ಪಕ್ಕದಿಂದ ಉರುಳಿಕೊಂಡು ಹೋಗಿ, ನೇರ ಅಮೋಘಪ್ಪನ ಕಾಲ ಬಳಿ ಗಿರಗಿರ ಸುತ್ತಿ ಮಲಗಿತು.

ಅಮೋಘಪ್ಪ ಅದನ್ನೆತ್ತಿಕೊಂಡ. ಅಂಗಿಯಿಂದ ಧೂಳು ಒರೆಸಿದ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಎಲ್ಲರಿಗೂ ಕೇಳುವಂತೆ ಓದಿದ.

“ಚಿರಂಜೀವಿ ಕಾಶಿರಾಯ, ಸೌಭಾಗ್ಯವತಿ ಪುತಳಾಬಾಯಿ ಇವರ ಲಗ್ನದ ಆಹೇರಿ. ಅಮೋಘಪ್ಪ, ಕಮಲಾಪುರ. 1979.”

ಅವನೇ ಕೊಟ್ಟ ಉಡುಗೊರೆ! ಭೂಮಿ ಬಾಯಿ ಬಿಡಲೆಂದು ಕಾದೆ. ಬಿಡಲಿಲ್ಲ. ಕಾರಿನಿಂದಿಳಿದ ಪುತಳಾ ಮಾತ್ರ ಬಾಯಿ ಬಿಟ್ಟಳು.

“ಇಪ್ಪತ್ನಾಕು ವರ್ಷ ಆತು, ನಾ ಅವು ತೊಳದು ಒರೆಸಿ ಇಟ್ಟೀನಿ! ದೇವರಂಥಾ ಮಂದಿ ಬಂದ್ರೂ ತೆಗದಿಲ್ಲ! ನೀವು ಗಾಲಿಗೆ ಹಚ್ಚೀರೇನ್ರೀ?”

ಅಮೋಘಪ್ಪ ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು. ಆ ಪುಣ್ಯಾತ್ಮನ ಕಣ್ಣು ತುಂಬಿ ಬಂದವು! ಓಡಿ ಬಂದು ತಬ್ಬಿಕೊಂಡ.

“ಕಾಶಿರಾಯಾ! ಎಲ್ಲಾರೂ ಆಹೇರಿ ಒಯ್ದು ಅಟ್ಟದ ಮ್ಯಾಲ ಒಗೀತಾರ. ನೀ ನನ್ನ ಹೆಸರು ಊರೂರು ತೋರಸ್ಕೊಂಡು ಬಂದೀಯಲ್ಲೋ!”

ಅಷ್ಟರಲ್ಲಿ ನನ್ನ ಅತ್ತೆ ದುಂಡಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು.

“ಪುತಳಾ, ಮೊಸರು ತರ್ತೀನಿ ಅಂದಿದ್ಯಲ್ಲವ್ವಾ. ಬೆಣ್ಣಿ ಯಾಕ ತಂದಿ?”

“ಮೊಸರೇ ತಂದಿದ್ದೆವ್ವಾ. ದಾರ್ಯಾಗ ನಿನ್ನ ಅಳಿಯ ಕಡದಾರ.”

ಅಂಗಳವೆಲ್ಲ ನಕ್ಕಿತು. ಆದರೂ ನನ್ನ ಆಸೆ ಸತ್ತಿರಲಿಲ್ಲ. ಏಕೆಂದರೆ ದುಂಡಮ್ಮ ಕೆಂಡ ತುಂಬಿದ ಶೇಗಡಿ ಹೊರತರಿಸಿದ್ದಳು. ಹೊಸ ಗಾಡಿಗೆ ದೃಷ್ಟಿ ತೆಗೆಯುವುದು ಇನ್ನೂ ಬಾಕಿ ಇತ್ತು! ದೃಷ್ಟಿ ತಾಗುವುದೆಂದರೇನು? ಯಾರೋ ಹೊಟ್ಟೆಕಿಚ್ಚು ಪಟ್ಟಿದ್ದಾರೆ ಎಂಬುದಕ್ಕೆ ಮೊಹರು ಒತ್ತಿದ ಸರ್ಟಿಫಿಕೇಟು! ನಗುವವರೆಲ್ಲ ನಗಲಿ, ಒಳಗೊಳಗೇ ಒಬ್ಬನಾದರೂ ಉರಿದಿರಲೇಬೇಕಲ್ಲ?

“ಅತ್ತೀ, ಮೊದಲು ನನ್ನ ಗಾಡೀಗಿ ತೆಗೀರಿ,” ಎಂದೆ. “ಕಲಬುರಗಿಯಿಂದ ಇಲ್ಲೀತನಕ ಕಂಡಾಪಟ್ಟಿ ಮಂದಿ ನೋಡ್ಯಾರ.”

“ಅದಕ್ಕೇನು ಅಳಿಯಾ, ತೆಗದ್ರಾತು. ಒಂದ್ ನೆನಪಿಡ್ರಿ. ದೃಷ್ಟಿ ಆಗಿತ್ತಂದ್ರ ಮೆಣಸಿನಕಾಯಿ ಘಾಟ ಬರಂಗಿಲ್ಲ. ಘಾಟ ಬಂತಂದ್ರ ಯಾರ ಕಣ್ಣೂ ಬಿದ್ದಿಲ್ಲ ಅಂತ.”

ಮುಷ್ಟಿ ತುಂಬ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಹಿಡಿದು, ಬಾಯಲ್ಲಿ ಏನೋ ಗುನುಗುತ್ತ ದುಂಡಮ್ಮ ನನ್ನ ಫಿಯಟ್ಟಿನ ಸುತ್ತ ಮೂರು ಸಲ ನಿವಾಳಿಸಿ ಇಳಿಸಿದಳು. ಕೆಂಡಕ್ಕೆ ಹಾಕಿದಳು. ನಾನು ಉಸಿರು ಬಿಗಿಹಿಡಿದೆ. ಘಾಟು ಬರಬಾರದು ದೇವರೇ! ಒಬ್ಬನೇ ಒಬ್ಬನ ಕಣ್ಣು ಸಾಕು!

ಬಂತು! ಎಂಥ ಘಾಟು! ಮೊದಲು ದುಂಡಮ್ಮ ಕೆಮ್ಮಿದಳು. ಆಮೇಲೆ ಅಂಗಳದವರೆಲ್ಲ ಸೆರಗು, ರುಮಾಲು ಮೂಗಿಗೆ ಒತ್ತಿಕೊಂಡು ಓಡಿದರು. ಆ ಮೇಕೆಯೂ ಎರಡು ಸಲ ಸೀನಿತು. ಓಣಿಯ ಆಚೆ ಮನೆಯವರು ಕಿಟಕಿ ಮುಚ್ಚಿಕೊಂಡರು.

“ಚಿಂತಿ ಬ್ಯಾಡ ಅಳಿಯಾ,” ಎಂದಳು ಅತ್ತೆ, ಕೆಮ್ಮುತ್ತ ಕೆಮ್ಮುತ್ತ, ಸಮಾಧಾನ ಹೇಳುವಂತೆ. “ನಿಮ್ಮ ಗಾಡಿ ಮ್ಯಾಲ ಹುಟ್ಟಿದಾಗಿಂದ ಯಾರದೂ ಕಣ್ಣು ಬಿದ್ದಿಲ್ಲ!”

ನಾನು ಕಣ್ಣೊರೆಸಿಕೊಂಡೆ. ಘಾಟಿಗೆ ಎಂದು ಎಲ್ಲರೂ ತಿಳಿದರು. ಅಲ್ಲ.

ಶೇಗಡಿಗೆ ಹೊಸ ಕೆಂಡ ಬಂತು. ಎರಡನೆಯ ಮುಷ್ಟಿ ಅಮೋಘಪ್ಪನ ಗಾಡಿಗೆ ಇಳಿಸಿದ್ದಾಯಿತು, ಕೆಂಡಕ್ಕೆ ಹಾಕಿದ್ದೂ ಆಯಿತು. ಮೆಣಸಿನಕಾಯಿ ಚಟಪಟ ಎಂದವು, ಕಪ್ಪಾದವು, ಬೂದಿಯಾದವು. ಒಬ್ಬರೂ ಕೆಮ್ಮಲಿಲ್ಲ! ಗಾಳಿ ತಿರುಗಿತ್ತು ಎಂದು ನಾನು ಇವತ್ತಿಗೂ ವಾದ ಮಾಡುತ್ತೇನೆ. ಯಾರೂ ಒಪ್ಪುವುದಿಲ್ಲ.

ದುಂಡಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಅಬಬಬ! ಒಂಚೂರೂ ಘಾಟಿಲ್ಲ! ಭಾಳ ಕೆಟ್ಟ ಕಣ್ಣು ಬಿದ್ದದವ್ವಾ. ಹೊರಗಿನವ್ರದಲ್ಲ, ಮನೀ ಮಂದೀದೇ ಅದ. ಈಗಿಂದೀಗ ಬಿದ್ದದ!”

ಅಂಗಳದ ಅಷ್ಟೂ ತಲೆಗಳು ಮೆಲ್ಲಗೆ ನನ್ನ ಕಡೆ ತಿರುಗಿದವು. ನಾನು ಫಿಯಟ್ಟಿನ ಉಳಿದ ಮೂರು ಗಂಗಾಳಗಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದೆ.

ಪುತಳಾ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಣಸಿನಕಾಯಿಯ ಬುಟ್ಟಿಯನ್ನು ಅವ್ವನ ಮುಂದೆ ಸರಿಸಿದಳು.

“ಅವ್ವಾ, ಶೇಗಡಿ ಆರಸಬ್ಯಾಡ. ಇನ್ನೂ ಹದಿನಾಕು ಮುಷ್ಟಿ ಇಳಸೂದದ. ಅಮೆರಿಕಾದಾಗ ಯಾವನೋ ಪಾಪದಂವ, ಸಿಟ್ಟಿನಾಗ ಹಾಡ್ತಾನ. ಹೋದ ಐತಾರ ಅವನ ಅಷ್ಟೂ ಗಾಡೀನೂ ಇವ್ರು ಟಿ.ವಿ.ಯಾಗ ನೋಡ್ಯಾರ!”