ಕಾಡಿನಲ್ಲಿ ಹೆಂಡತಿಯನ್ನು ಕರೆದದ್ದು

ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಗಂಡಸರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಬಗೆಯ ಅಸೂಯೆ. ಮುಳ್ಳೇರಿಯದ ನನ್ನ ಪೈಂಟ್ ಅಂಗಡಿಗೆ ಹೊಸದಾಗಿ ಮನೆ ಕಟ್ಟಿಸುವ ಹುಡುಗರು ಜೋಡಿಯಾಗಿ ಬರುತ್ತಾರೆ. "ಶ್ವೇತಾ, ಹಾಲಿನ ಗೋಡೆಗೆ ಈ ಬಣ್ಣ ಆಗ್ಬಹುದಾ?" ಎಂದು ಅವರು ಎಷ್ಟು ಸಲೀಸಾಗಿ ಕೇಳುತ್ತಾರೆಂದರೆ, ಕೌಂಟರಿನ ಹಿಂದೆ ನಿಂತ ನನಗೇ ನಾಚಿಕೆಯಾಗಿ ಡಬ್ಬಿಯ ಮುಚ್ಚಳ ಒರೆಸತೊಡಗುತ್ತೇನೆ. ನಮ್ಮ ಮನೆಯಲ್ಲಿ ಈ ಪದ್ಧತಿ ಇರಲಿಲ್ಲ. ನನ್ನ ಅಪ್ಪ ಅಮ್ಮನನ್ನು ಕರೆಯುತ್ತಿದ್ದದ್ದು ಕೆಮ್ಮಿನ ಮೂಲಕ. ಗಿಡ್ಡ ಕೆಮ್ಮಿಗೆ ಕುಡಿಯುವ ನೀರು, ಉದ್ದ ಕೆಮ್ಮಿಗೆ ವೀಳ್ಯದ ಹರಿವಾಣ. ಅಪ್ಪನಿಗೆ ನಿಜವಾಗಿ ಶೀತವಾದ ದಿನ ಅಮ್ಮನಿಗೆ ಕೂರಲು ಪುರುಸೊತ್ತಿಲ್ಲ. ನಾನು ಅಪ್ಪನಿಗಿಂತ ಸ್ವಲ್ಪ ಸುಧಾರಿಸಿದವನು. "ಹೋಯ್" ಎನ್ನುತ್ತೇನೆ. ಅವಳೂ ನನಗೆ "ಹೋಯ್" ಎನ್ನುತ್ತಾಳೆ. ಈ ಒಂದೇ ಶಬ್ದದ ಮೇಲೆ ನಮ್ಮ ಸಂಸಾರ ಮಕ್ಕಳ ಮದುವೆಯವರೆಗೂ ಯಾವ ತೊಂದರೆಯೂ ಇಲ್ಲದೆ ಸಾಗಿ ಬಂದಿದೆ.

ಅವಳ ಹೆಸರು ವಾರಿಜಾಕ್ಷಿ. ಬರೆಯಲು ಅಡ್ಡಿಯಿಲ್ಲ, ಬರೆಯುವಾಗ ಯಾರೂ ತಿರುಗಿ ನೋಡುವುದಿಲ್ಲ. ಆದರೆ ನನ್ನ ಫೋನಿನಲ್ಲಿ ಅವಳ ನಂಬರು ಇರುವುದು "ಮನೆ" ಎಂಬ ಹೆಸರಿನಲ್ಲಿ. ಅವಳು ಬಸ್ಸಿನಲ್ಲಿರಲಿ, ಮೀನಿನ ಮಾರ್ಕೆಟ್ಟಿನಲ್ಲಿರಲಿ, ನನಗೆ ಮನೆಯಿಂದಲೇ ಫೋನು ಬರುತ್ತದೆ. ಒಮ್ಮೆ ಅವಳಿಗೆ ಜ್ವರ ಬಂದು ಆಸ್ಪತ್ರೆಗೆ ಹೋದಾಗ ನರ್ಸು "ಪೇಶೆಂಟಿನ ಹೆಸರು?" ಎಂದು ಕೇಳಿದ್ದಳು. ನಾನು ರೇಶನ್ ಕಾರ್ಡನ್ನು ಮುಂದಿಟ್ಟು ಬೆರಳು ತೋರಿಸಿದೆ. ಪಾಪ, ಆಕೆ ನನಗೆ ಮಾತು ಬಾರದೆಂದು ತಿಳಿದು, ಆಮೇಲೆ ಕಾಯುವ ಬೆಂಚನ್ನೂ ಕೈಸನ್ನೆಯಲ್ಲೇ ತೋರಿಸಿದಳು. ನಾನೂ ತಲೆಯಾಡಿಸಿ ಹೋಗಿ ಕೂತೆ. ಸರಿಪಡಿಸಲು ಹೋದರೆ ಹೆಸರು ಹೇಳಬೇಕಾಗುತ್ತಿತ್ತು.

ಈ ನಾಚಿಕೆ ಒಂದು ದಿನ ಕಾಡಿನವರೆಗೂ ಬಂದು ನನ್ನ ಕುತ್ತಿಗೆ ಹಿಡಿದೀತೆಂದು ಮಾತ್ರ ನಾನು ಎಣಿಸಿರಲಿಲ್ಲ. ದೇಲಂಪಾಡಿಯ ಆಚೆ, ಗಡಿಗೆ ತಾಗಿಕೊಂಡ ರಿಸರ್ವ್ ಕಾಡಿನಲ್ಲಿ ಒಂದು ಹಳೆಯ ಕಾಲುದಾರಿ ಇದೆ. ರಜೆ ಬಂತೆಂದರೆ ಚಾರಣಿಗರು ಅದರಲ್ಲಿ ಗುಡ್ಡ ಹತ್ತುತ್ತಾರೆ. ಇಳಿಯುವಾಗ ಬಾಟಲಿ, ಪ್ಲಾಸ್ಟಿಕ್ ತೊಟ್ಟೆ, ಪೇಪರ್ ಪ್ಲೇಟುಗಳನ್ನು ಕಾಡಿಗೆ ಕಾಣಿಕೆ ಒಪ್ಪಿಸಿ ಬರುತ್ತಾರೆ. ಅದನ್ನು ಹೆಕ್ಕುವುದಕ್ಕೆ, ಮಳೆಗೆ ಅಡ್ಡಬಿದ್ದ ಮರ ಸರಿಸುವುದಕ್ಕೆ, ಕೊಚ್ಚಿಹೋದ ಮೆಟ್ಟಿಲಿಗೆ ಕಲ್ಲು ಕೂರಿಸುವುದಕ್ಕೆ, ಬೇಸಿಗೆಗೆ ಮುಂಚೆ ಬೆಂಕಿ ಹರಡದ ಹಾಗೆ ದಾರಿಯ ಇಕ್ಕೆಲದ ತರಗೆಲೆ ಗುಡಿಸುವುದಕ್ಕೆ ನಮ್ಮದೊಂದು ಬಳಗವಿದೆ. ಅಧ್ಯಕ್ಷರು ರೈ ಮಾಸ್ಟ್ರು, ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಕೂಲಿಯಿಲ್ಲ, ಅವಲಕ್ಕಿ ಮತ್ತು ಚಹಾ ಇದೆ. ಇಲಾಖೆಯ ಕಡೆಯಿಂದ ಕುಂಞಿಕಣ್ಣ ಎಂಬ ಫಾರೆಸ್ಟ್ ವಾಚರ್ ಜೊತೆಗೆ ಬರುತ್ತಾನೆ. ಬಳಗಕ್ಕೆ ಮೊದಲು ಸೇರಿದವಳು ನನ್ನ ಹೆಂಡತಿ. ನನ್ನನ್ನು ಸೇರಿಸಿದ್ದು ನನ್ನ ಶುಗರು. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದೇ ತಡ, "ಮನೆಯ ಅಂಗಳ ಅಂತೂ ಗುಡಿಸುದಿಲ್ಲ, ಕಾಡಾದ್ರೂ ಗುಡಿಸ್ಲಿ" ಎಂದು ಅವಳು ಎಲ್ಲರೆದುರು ನನ್ನ ಹೆಸರು ಕೊಟ್ಟಳು. ಕೊಟ್ಟಳು ಎಂದರೆ, "ಇವರದ್ದೂ ಒಂದು ಬರ್ಕೊಳ್ಳಿ" ಎಂದಳು. ನನ್ನ ಹೆಸರನ್ನು ಅವಳೂ ಹೇಳುವುದಿಲ್ಲವಲ್ಲ.

ಬಳಗದಲ್ಲಿ ಗಂಡಹೆಂಡಿರನ್ನು ಒಂದೇ ಕೆಲಸಕ್ಕೆ ಹಾಕಬಾರದು ಎಂಬ ನಿಯಮವಿದೆ. ಇದು ಬಂದದ್ದು ನಮ್ಮಿಂದಾಗಿಯೇ. ಮೊದಲನೇ ದಿನ ದಾರಿಗೆ ಬಿದ್ದ ಒಂದು ಮರದ ಕೊಂಬೆಯ ಎರಡು ತುದಿಗಳನ್ನು ನಾವಿಬ್ಬರು ಹಿಡಿದಿದ್ದೆವು. ಬಲಕ್ಕೆ ಎಸೆಯುವುದೋ ಎಡಕ್ಕೆ ಎಸೆಯುವುದೋ ಎಂಬ ಚರ್ಚೆ ಹಿಂದಿನ ವರ್ಷದ ನೆಂಟರ ಮದುವೆಯವರೆಗೂ ಹೋಯಿತು. ಉಳಿದವರು ಕೊಂಬೆ ದಾಟಿ ಮುಂದೆ ಹೋಗಿ ಚಹಾ ಕುಡಿದರು. ಆಮೇಲೆ ಮಾಸ್ಟ್ರು ಅವಳನ್ನು ಮುಂದಿನ ತುದಿಯಲ್ಲಿ ಗೋಣಿಚೀಲ ಕೊಟ್ಟು ಕಸ ಹೆಕ್ಕಲು ಹಾಕಿದರು. ನನ್ನನ್ನು ಹಿಂದಿನ ತುದಿಯಲ್ಲಿ ಹಳದಿ ಬಣ್ಣದ ಡಬ್ಬಿ ಕೊಟ್ಟು ಬಂಡೆಗಳ ಮೇಲೆ ದಾರಿಯ ಬಾಣ ಬರೆಯಲು ಹಾಕಿದರು. ಬಣ್ಣ ನನ್ನದೇ ಅಂಗಡಿಯದ್ದು, ಆದರೂ ಬಾಣದ ತಲೆ ದಪ್ಪವಾಯಿತೆಂದು ಮಾಸ್ಟ್ರು ಬೈಯುತ್ತಾರೆ.

ಅಂದು ಆದಿತ್ಯವಾರ. ಬೆಳಿಗ್ಗೆಯೇ ನಮ್ಮಿಬ್ಬರಿಗೆ ಸಣ್ಣದೊಂದು ಮುನಿಸಾಗಿತ್ತು. "ಚಹಾಕ್ಕೆ ಸಕ್ಕರೆಯೇ ಇಲ್ಲ" ಎಂದು ನಾನು ಗ್ಲಾಸನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಿದ್ದೆ. ಜೀಪಿನಲ್ಲಿ ಅವಳು ಮುಂದೆ, ನಾನು ಹಿಂದೆ, ಮಾತಿಲ್ಲ. ಕಾಡು ಹೊಕ್ಕ ಮೇಲೆ ಎಲ್ಲ ಎಂದಿನ ಹಾಗೆ. ಬಳಗದವರು ಅಲ್ಲೊಬ್ಬರು "ಹೋಯ್", ಇಲ್ಲೊಬ್ಬರು "ಹೋಯ್" ಎನ್ನುತ್ತ ಕೆಲಸ ಸಾಗಿಸಿದರು. ಗುಡ್ಡದ ಅರ್ಧದಲ್ಲಿ, ದಾರಿ ನೀರಿನ ತೋಡಿನ ಕಡೆಗೆ ಬಾಗುವಲ್ಲಿ, ಕುಂಞಿಕಣ್ಣ ಥಟ್ಟನೆ ನಿಂತು ಕೈಯೆತ್ತಿದ. ದಾರಿಯ ನಡುವೆ ಆನೆಯ ಲದ್ದಿ ಬಿದ್ದಿತ್ತು. ಆನೆ ನಮ್ಮ ಕಡೆ ಈಗ ಸುದ್ದಿಯಲ್ಲ, ನೆರೆಕರೆ. ಹಳೆಯ ಲದ್ದಿಯನ್ನು ನಾವು ಎಷ್ಟೋ ಸಲ ದಾಟಿ ಹೋಗಿದ್ದೇವೆ. ಇದರಿಂದ ಇನ್ನೂ ಹಬೆ ಏಳುತ್ತಿತ್ತು. ಅಷ್ಟರಲ್ಲಿ ಕೆಳಗೆ ತೋಡಿನ ಬದಿಯಿಂದ ಬಿದಿರು ಮುರಿಯುವ ಸದ್ದು ಕೇಳಿತು, ಲಟ್ ಲಟ್ ಎಂದು, ಅವಸರವಿಲ್ಲದೆ.

"ಆನ ಕೆಳಗೆ ಉಂಟು. ಬೊಬ್ಬೆ ಬೇಡ, ಎಲ್ಲರೂ ಒಟ್ಟಾಗಿ, ವಾಪಸ್" ಎಂದು ಕುಂಞಿಕಣ್ಣ ತನ್ನ ಮಲಯಾಳ ಬೆರೆತ ಕನ್ನಡದಲ್ಲಿ ಪಿಸುಗುಟ್ಟಿದ. ಕತ್ತಿ, ಪೊರಕೆ, ಹಾರೆ ಹಿಡಿದವರೆಲ್ಲ ಸದ್ದಿಲ್ಲದೆ ಬಂದು ಸೇರಿದರು. ಮಾಸ್ಟ್ರು ತಲೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ನನ್ನ ಮುಖ ನೋಡಿದರು. ಅವಳಿರಲಿಲ್ಲ.

ಎಲ್ಲಿ ಹೋಗಿರಬಹುದೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ದಾರಿಯಿಂದ ಕೆಳಕ್ಕೆ ಇಳಿಜಾರಿನಲ್ಲಿ ಒಂದು ಖಾಲಿ ಚಿಪ್ಸ್ ಪ್ಯಾಕೆಟ್ ಇನ್ನೂ ಹೊಳೆಯುತ್ತಿತ್ತು. ಅದಕ್ಕಿಂತ ಮೇಲಿನ ಜಾಗವೆಲ್ಲ ಚೊಕ್ಕಟ. ಯಾರೋ ಪುಣ್ಯಾತ್ಮರು ತಿನ್ನುತ್ತಾ ಎಸೆಯುತ್ತಾ ತೋಡಿನವರೆಗೂ ಇಳಿದಿದ್ದಾರೆ, ಇವಳು ಹೆಕ್ಕುತ್ತಾ ಹೆಕ್ಕುತ್ತಾ ಅವರ ಹಿಂದೆ ಹೋಗಿದ್ದಾಳೆ. ಮದುವೆಯ ಊಟದಲ್ಲೂ ಪಕ್ಕದವರ ಪ್ಲಾಸ್ಟಿಕ್ ಗ್ಲಾಸು ಎತ್ತಿಡುವ ಹೆಂಗಸು ಅವಳು. ಬಿದ್ದ ಕಸ ಕಂಡರೆ ಅವಳಿಗೆ ಆನೆ ಕಾಣುವುದಿಲ್ಲ.

ಫೋನಿಗೆ ರೇಂಜ್ ಇಲ್ಲ. ಇಳಿದು ಹುಡುಕೋಣವೆಂದರೆ ಕುಂಞಿಕಣ್ಣ ನನ್ನ ತೋಳು ಬಿಡಲಿಲ್ಲ. "ಇಳಿದ್ರೆ ನೀವು ಅದರ ಎದುರೇ ಹೋಗಿ ನಿಲ್ತೀರಿ ಸಾರೇ. ಚೇಚಿಯನ್ನು ಕರೀರಿ. ಒಬ್ಬರೇ ಕರೀಬೇಕು. ಎಲ್ಲರೂ ಬೊಬ್ಬೆ ಹೊಡೆದ್ರೆ ಅದು ಹೆದರಿ ಯಾವ ಕಡೆಗೆ ಓಡ್ತದೆ ಹೇಳ್ಲಿಕ್ಕಾಗುದಿಲ್ಲ. ಚೇಚಿಗೆ ಗುರ್ತದ ಸ್ವರ ಆಗ್ಬೇಕು."

ಅವನ ಚೇಚಿಗೆ, ಅಂದರೆ ಅಕ್ಕನಿಗೆ, ಗುರುತಿನ ಸ್ವರ ನನ್ನದು. ನಾನು ಬಾಯಿಯ ಸುತ್ತ ಕೈಯಿಟ್ಟು "ಹೋಯ್" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ "ಹೋಯ್" ಎಂದೆ. ಬಿದಿರಿನ ಲಟ್ ಲಟ್ ಮಾತ್ರ ಕೇಳಿತು, ಮೊದಲಿಗಿಂತ ಹತ್ತಿರದಲ್ಲಿ.

ಮಾಸ್ಟ್ರು ನನ್ನ ಕಿವಿಯ ಹತ್ತಿರ ಬಂದರು. "ಬೆಳಿಗ್ಗೆಯಿಂದ ನಾವೆಲ್ಲ ಹೋಯ್ ಹೋಯ್ ಅಂತಲೇ ಇದ್ದೇವೆ. ತನ್ನನ್ನೇ ಕರೆದದ್ದು ಅಂತ ಅವರಿಗೆ ಹೇಗೆ ಗೊತ್ತಾಗ್ಬೇಕು? ಹೆಸರು ಹಿಡಿದು ಕರೀರಿ ಮಾರಾಯ್ರೆ!"

ನಾನು ಸುತ್ತ ನಿಂತವರ ಮುಖಗಳನ್ನು ನೋಡಿದೆ. ಹೆಂಡತಿಯ ಜೀವ ಹೋಗುವ ಹೊತ್ತಿನಲ್ಲೂ ಇಷ್ಟು ಜನರೆದುರು ಹೇಗಪ್ಪಾ ಎಂದು ನಾಚಿದ ಗಂಡಸು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಮೇಲಾಗಿ ವಾರಿಜಾಕ್ಷಿ ಎಂದು ಹೆಸರಿಟ್ಟವರು ಕಾಡಿನಲ್ಲಿ ಕರೆಯುವ ಸಂದರ್ಭವನ್ನು ಯೋಚಿಸಿರಲಿಲ್ಲ. ರಾಧಾ, ಮೀನಾ ಎಂದಾದರೆ ಎಳೆದು ಕರೆಯಬಹುದು. ಇದು ಅರ್ಧದವರೆಗೆ ಚೆನ್ನಾಗಿ ಏರಿ, ಕೊನೆಗೆ ಸೀನಿದ ಹಾಗೆ ಮುಗಿಯುತ್ತದೆ. ಆದರೂ ಕಣ್ಣು ಮುಚ್ಚಿಕೊಂಡು ಕರೆದೆ. "ವಾರಿಜಾಕ್ಷೀ!"

ಬಿದಿರು ಮುರಿಯುವುದು ನಿಂತಿತು. ಆನೆಗೆ ಕೇಳಿಸಿತ್ತು. ಅವಳಿಗೆ ಕೇಳಿಸಲಿಲ್ಲವೋ ಏನೋ, ಉತ್ತರವಿಲ್ಲ. ಕುಂಞಿಕಣ್ಣನ ಹಿಡಿತ ಬಿಗಿಯಾಯಿತು. ನಾನು ಇನ್ನೊಮ್ಮೆ ಕರೆದೆ. ಕೆಳಗೆ ತರಗೆಲೆಯ ಮೇಲೆ ಏನೋ ದೊಡ್ಡದು ಹೊರಳಿ ಹೆಜ್ಜೆಯಿಟ್ಟ ಹಾಗಾಯಿತು. ಯಾವ ದಿಕ್ಕಿಗೆಂದು ತಿಳಿಯಲಿಲ್ಲ. ನನಗೆ ಹೆದರಿಕೆಯಾಯಿತು. ಇದನ್ನು ತಮಾಷೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಅವಳಿಗೆ ನಾನು ಕೊನೆಯದಾಗಿ ಹೇಳಿದ ಮಾತು ಚಹಾಕ್ಕೆ ಸಕ್ಕರೆಯಿಲ್ಲ ಎಂಬುದಾಗಿತ್ತು. ಅದೇ ಮಾತು ಉಳಿದುಬಿಟ್ಟರೆ ನಾನು ಯಾವ ಮುಖ ಹೊತ್ತು ಆ ಮನೆಯೊಳಗೆ ಹೋಗಲಿ? ಮೂರನೆಯ ಸಲ ಕರೆದೆ. "ವಾರಿಜಾ..." ಎಂಬಲ್ಲಿಗೆ ಗಂಟಲು ಕಟ್ಟಿತು. ಉಳಿದ ಅಕ್ಷರ ಹೊರಗೆ ಬರಲಿಲ್ಲ.

"ಎಂತ?" ಎಂದು ಯಾರೋ ಹೇಳಿದರು.

ಅವಳು ನಮ್ಮಿಂದ ನಾಲ್ಕು ಮಾರು ಕೆಳಗೆ, ಒಂದು ಬಂಡೆಯ ಹಿಂದಿನಿಂದ ಎದ್ದು ನಿಂತಳು. ತಲೆಯಲ್ಲಿ ತರಗೆಲೆ, ಕೈಯಲ್ಲಿ ಅವಳಿಗಿಂತ ದಪ್ಪದ ಗೋಣಿಚೀಲ. ಕುಂಞಿಕಣ್ಣ ಬಾಯಿಗೆ ಬೆರಳಿಟ್ಟು ಕೈಚಾಚಿದ. ಅವಳು ಮೊದಲು ಚೀಲವನ್ನು ಕೊಟ್ಟು ಆಮೇಲೆ ಹತ್ತಿ ಬಂದಳು. ಅವಳ ಹಿಂದೆ, ತೋಡಿನ ಆಚೆ ದಡದಲ್ಲಿ, ಕಂದು ಬೆನ್ನೊಂದು ಬಿದಿರಿನ ನಡುವೆ ಮೆಲ್ಲನೆ ಗುಡ್ಡದ ಕಡೆಗೆ ಸರಿದು ಹೋಯಿತು. ನಾವು ಒಟ್ಟಾಗಿ, ಬಿರಬಿರನೆ ರಸ್ತೆಗೆ ಮರಳಿದೆವು.

ಜೀಪಿನ ಹತ್ತಿರ ಬಂದದ್ದೇ ನನಗೆ ಸಿಟ್ಟು ಬಂತು. ಜೀವ ಮರಳಿ ಬಂದರೆ ಮೊದಲು ಬರುವುದು ಸಿಟ್ಟೇ. "ಅಷ್ಟು ಹತ್ತಿರ ಕೂತುಕೊಂಡು ಬಾಯಲ್ಲಿ ಎಂತ ಇತ್ತು ನಿನಗೆ? ಓಗೊಡ್ಲಿಕ್ಕೆ ಆಗುದಿಲ್ವಾ?"

"ಕಾಡಿನಲ್ಲಿ ಹೆಸರು ಕರೆದ್ರೆ ಒಂದೇ ಸರ್ತಿಗೆ ಓಗೊಡ್ಲಿಕ್ಕೆ ಉಂಟಾ?" ಎಂದಳು ಅವಳು. ಅದು ನಮ್ಮ ಕಡೆಯ ಹಳೆಯ ನಂಬಿಕೆ. ಕುಲೆ, ಅಂದರೆ ಸತ್ತವರ ಪ್ರೇತ, ಗುರುತಿನವರ ಸ್ವರದಲ್ಲಿ ಹೆಸರು ಹಿಡಿದು ಕರೆಯುತ್ತದಂತೆ. ಓಗೊಟ್ಟವರನ್ನು ಕರೆದುಕೊಂಡು ಹೋಗುತ್ತದಂತೆ.

"ನನ್ನ ಸ್ವರ ಗೊತ್ತಾಗ್ಲಿಲ್ವಾ?"

"ಸ್ವರ ನಿಮ್ಮದೇ. ಅದಕ್ಕೇ ಹೆದರಿದ್ದು. ಇಷ್ಟು ವರ್ಷದಲ್ಲಿ ನೀವು ಒಂದು ದಿನ ನನ್ನ ಹೆಸರು ಕರೆದದ್ದುಂಟಾ? ಇದು ಇವರಲ್ಲ ಅಂತ ಗ್ಯಾರಂಟಿ ಆಯ್ತು. ಕೆಳಗೆ ಆನೆ, ಮೇಲೆ ಕುಲೆ. ನಾನು ಎಲ್ಲಿಗೆ ಹೋಗುದು?"

ಎಲ್ಲರೂ ನಕ್ಕರು. ಅಷ್ಟು ಹೊತ್ತು ಕಟ್ಟಿಹಿಡಿದಿದ್ದ ನಗು ಅದು. ಕುಂಞಿಕಣ್ಣ ಜೀಪಿಗೆ ಒರಗಿ ನಕ್ಕ. ಮಾಸ್ಟ್ರು ಕನ್ನಡಕ ಒರೆಸಿಕೊಳ್ಳುತ್ತ, "ಮತ್ತೆ ಮೂರನೇ ಸರ್ತಿ ಯಾಕೆ ಬಂದ್ರಿ ಅಕ್ಕಾ?" ಎಂದು ಕೇಳಿದರು.

ಅವಳು ನನ್ನನ್ನು ನೋಡಲಿಲ್ಲ. ಚೀಲದ ಬಾಯಿ ಕಟ್ಟುತ್ತಾ, "ಮೂರನೇ ಸರ್ತಿ ಅತ್ತದ್ದು ಕೇಳಿತು. ಕುಲೆಗೆ ಯಾಕೆ ಅಳು ಬರ್ತದೆ?" ಎಂದಳು.

ಎಲ್ಲರಿಗೂ ತಮ್ಮ ತಮ್ಮ ಕತ್ತಿ, ಪೊರಕೆಗಳನ್ನು ಜೀಪಿಗೆ ತುಂಬುವ ಕೆಲಸ ನೆನಪಾಯಿತು. ಅದು ಅಳುವಲ್ಲ, ಬಣ್ಣದ ಡಬ್ಬಿಯ ಥಿನ್ನರಿನ ವಾಸನೆ ಗಂಟಲಿಗೆ ಹಿಡಿದದ್ದು ಎಂದು ನಾನು ಬಳಗದ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ವಿವರಿಸಿದ್ದೇನೆ. ಎಲ್ಲರೂ ಬಹಳ ಮರ್ಯಾದೆಯಿಂದ ಹೌದೆಂದಿದ್ದಾರೆ.

ಒಮ್ಮೆ ಬಾಯಿಂದ ಹೊರಬಿದ್ದ ಮೇಲೆ ಇನ್ನೇನು ನಾಚಿಕೆ ಎಂದುಕೊಂಡು, ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಕೂತು ಸಹಜವಾಗಿ "ವಾರಿಜಾಕ್ಷೀ" ಎಂದೆ. ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಅವಳು ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದಳು.

"ಎಲ್ಲಿ ಉಂಟು?"

"ಎಂತದ್ದು?"

"ಆನೆ!"

"ಆನೆ ಎಂತದ್ದೂ ಇಲ್ಲ. ಪೇಪರು ಬಂತಾ ಅಂತ ಕೇಳಿದ್ದು."

ಅವಳು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಪೇಪರಿಗೆಲ್ಲ ಹೆಸರು ಕರೀಬೇಡಿ ಮಾರಾಯ್ರೆ, ನನ್ನ ಜೀವ ಹೋಗ್ತದೆ" ಎಂದಳು.

ಹಾಗಾಗಿ ಮನೆಯಲ್ಲಿ ಮತ್ತೆ "ಹೋಯ್" ಎನ್ನುತ್ತಿದ್ದೇನೆ. ಮುಂದಿನ ಸಲ ಕಾಡಿಗೆ ಹೋದಾಗ ಮಾತ್ರ ಬಣ್ಣದ ಡಬ್ಬಿಯನ್ನು ಮಾಸ್ಟ್ರ ಕೈಗೆ ಕೊಟ್ಟು, ಬಾಣವನ್ನು ಅವರಿಗೆ ಬೇಕಾದ ಹಾಗೆ ಅವರೇ ಬರೆದುಕೊಳ್ಳಲಿ ಎಂದೆ. ನಾನು ಅವಳ ಗೋಣಿಚೀಲ ಹೊತ್ತು ಅವಳ ಹಿಂದೆಯೇ ನಡೆದೆ. ನಿಯಮದ ಮಾತನ್ನು ಯಾರೂ ಎತ್ತಲಿಲ್ಲ. ಕರೆಯಬೇಕಾದಷ್ಟು ದೂರ ಹೋಗಲು ಬಿಡದಿದ್ದರೆ ಈ ಹೆಸರಿನ ಗೋಜೇ ಇಲ್ಲವಲ್ಲ, ನಾಚಿಕೆಯ ಸ್ವಭಾವದವನಿಗೆ ಅದೇ ಸುಲಭ.